ಒಳಕೋಣೆಯ ಗಾಳಿ

ಜನವರಿ ೯

ಗುಬ್ಬಿ,

ಮನೆಯಲ್ಲಿ ಫೋನ್ ಇರುವಾಗ ಅತ್ತಿಗೆಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ಹುಬ್ಬೇರಿಸಬೇಡ. ಫೋನ್ ಇರುವುದು ಒಂದೇ. ನಾನು ಅದನ್ನು ಕಿವಿಗೆ ಹಿಡಿದ ಕೂಡಲೇ ಅತ್ತೆಗೆ ಆ ಕೋಣೆಯ ಕಸ ಕಣ್ಣಿಗೆ ಬೀಳುತ್ತದೆ. ಪೊರಕೆ ಹಿಡಿದು ಬಂದು ಗುಡಿಸಿದ ಜಾಗವನ್ನೇ ಗುಡಿಸುತ್ತಾರೆ. ಉತ್ತರ ಬರೆದರೆ ಮನೆಗೆ ಕಳಿಸಬೇಡ, ಪಕ್ಕದ ಟೈಲರ್ ಅಂಗಡಿಯ ವಿಳಾಸಕ್ಕೆ ಕಳಿಸು. ಆ ಟೈಲರಮ್ಮನಿಗೆ ಕತ್ತರಿಸುವುದು ಗೊತ್ತೇ ಹೊರತು ಇನ್ನೊಬ್ಬರ ಕಾಗದ ಓದುವ ಚಪಲ ಇಲ್ಲ.

ಕೇಳಬೇಕಾಗಿರುವುದು ಉಗುರಿನ ಸಲೂನಿನ ವಿಷಯ. ಮದುವೆಯ ಮೇಲೂ ಆ ಊರಲ್ಲೇ ಕೋಣೆ ಹಿಡಿದು ದುಡಿದು, ಹೋದ ವರ್ಷ ನಾನು ಬಿಟ್ಟು ಬಂದ ಮೇಜಿನಲ್ಲೇ ಈಗ ನೀನು ಕೂರುತ್ತಿದ್ದೀಯ. ಒಳಕೋಣೆಯ ಕಿಟಕಿಗೆ ಈಗಲೂ ಮೊಳೆ ಹೊಡೆದೇ ಇದೆಯಾ? ಗಾಳಿ ಆಚೆ ತಳ್ಳುವ ಗೋಡೆಯ ಫ್ಯಾನ್ ತಿರುಗುತ್ತದೆಯಾ, ಇಲ್ಲ ಅದರ ಮುಂದೆ ಆ ಹೂವಿನ ಚಿತ್ರ ಇನ್ನೂ ನೇತಾಡುತ್ತಿದೆಯಾ? ಅಂಟು ಉಗುರಿನ ಪುಡಿಗೆ ಬೆರೆಸುವ ದ್ರವ ಯಾವ ಡಬ್ಬದಿಂದ ಬರುತ್ತದೆ? ನನ್ನ ಕಾಲದಲ್ಲಿ ಹೆಸರಿಲ್ಲದ ಒಂದು ಬಿಳಿ ಕ್ಯಾನ್ ಇತ್ತು.

ಯಾಕೆ ಕೇಳುತ್ತಿದ್ದೇನೆಂದರೆ, ನನ್ನ ಕೆಮ್ಮು ಇನ್ನೂ ಹೋಗಿಲ್ಲ. ಮೆಟ್ಟಿಲು ಹತ್ತಿದರೆ ಎದೆಯೊಳಗೆ ಯಾರೋ ಪೀಪಿ ಊದಿದ ಹಾಗೆ ಸದ್ದಾಗುತ್ತದೆ. ಹೊಸ ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಕೇಳಿ, "ಮೊದಲು ಏನು ಕೆಲಸ ಮಾಡ್ತಿದ್ರಿ?" ಅಂದರು. ಇಷ್ಟು ದಿನ ಯಾವ ಡಾಕ್ಟರೂ ಅದನ್ನು ಕೇಳಿರಲಿಲ್ಲ. ಹೋದ ವರ್ಷ ಹೊಟ್ಟೆಯಲ್ಲಿದ್ದದ್ದು ಉಳಿಯದೆ ಹೋದಾಗಲೂ ಕೇಳಿರಲಿಲ್ಲ. "ಉಗುರಿನ ಕೆಲಸ" ಎಂದೆ. ಅವರು ಪೆನ್ನು ಕೆಳಗಿಟ್ಟು, "ಅಲ್ಲಿ ಏನೇನು ಮೂಸ್ತಿದ್ರಿ, ಹೆಸರು ತಿಳ್ಕೊಂಡು ಬನ್ನಿ" ಅಂದರು.

ನನಗೆ ಗೊತ್ತಿರುವುದು ಆ ವಾಸನೆ ಒಂದೇ, ಹೆಸರಲ್ಲ. ತಿಳಿದು ಬರೆ. ಈ ಮಾತು ಸಲೂನಿನ ಮೇಡಂ ಕಿವಿಗೆ ಬೀಳದಿರಲಿ.

ನಿನ್ನ ಅತ್ತಿಗೆ


ಜನವರಿ ೨೩

ಅತ್ತಿಗೆ,

ನಿಮ್ಮ ಕಾಗದ ಸಲೂನಿನ ವಿಳಾಸಕ್ಕೆ ಬಂತು. ಮೇಡಂ ನಗುನಗುತ್ತಲೇ ಕೈಗೆ ಕೊಟ್ಟರು. ಲಕೋಟೆಯ ಬಾಯಿ ಸ್ವಲ್ಪ ಎದ್ದಿತ್ತು. ನಿಮ್ಮ ಗೋಂದೇ ಹಾಗೋ ಏನೋ. ಮುಂದೆ ನಮ್ಮ ಕೋಣೆಯ ಕೆಳಗಿರುವ ಲಾಂಡ್ರಿಗೆ ಬರೆಯಿರಿ.

ಇಲ್ಲಿ ಎಲ್ಲ ಚೆನ್ನಾಗಿದೆ. ಮೇಡಂ ನನಗೆ ಬೆನ್ನಿಗೆ ಆನಿಸುವ ಕುರ್ಚಿ ತರಿಸಿಕೊಟ್ಟಿದ್ದಾರೆ, ನಿಮ್ಮ ಕಾಲದ ಸ್ಟೂಲ್ ಈಗ ಪಕ್ಕಕ್ಕೆ ಹೋಗಿದೆ. ಕಿಟಕಿ ತೆಗೆದರೆ ಏಸಿಯ ತಂಪು ಆಚೆ ಹೋಗುತ್ತದೆ, ಅದಕ್ಕೇ ಮುಚ್ಚಿದ್ದಾರೆ. ಎಲ್ಲ ಕಡೆಯೂ ಹೀಗೇ ಅಲ್ಲವೇ? ವಾಸನೆಯೋ, ಒಂದು ವಾರ ಕಳೆದರೆ ಮೂಗಿಗೇ ಬೇಸರವಾಗಿ ಸುಮ್ಮನಾಗುತ್ತದೆ. ಸಂಜೆ ತಲೆನೋವು ಬರುವುದು ಕತ್ತು ಬಗ್ಗಿಸಿ ಕೂರುವುದರಿಂದ. ಬಟ್ಟೆಯ ಮಾಸ್ಕ್ ಕಟ್ಟಿಕೊಳ್ಳುತ್ತೇನೆ.

ಒಂದು ಮಾತು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ಅಮ್ಮನಿಗೆ ಮಂಡಿನೋವು ಜಾಸ್ತಿಯಾಗಿದೆ, ಮನೆಯಲ್ಲಿ ಇನ್ನೊಂದು ಕೈ ಬೇಕು. ನಾನು ಕೆಲಸ ಬಿಟ್ಟು ಬರಲಿ ಎಂದು ಈ ಡಾಕ್ಟರಮ್ಮನ ಕಥೆಯೋ? ಹಾಗಿದ್ದರೆ ಸುತ್ತಿ ಬಳಸಿ ಹೇಳಬೇಡಿ. ನನಗೆ ಈ ಕೆಲಸ ಇಷ್ಟ. ದಣಿದು ಬಂದ ಹೆಂಗಸರು ಎದ್ದು ಹೋಗುವಾಗ ತಮ್ಮ ಕೈಯನ್ನೇ ಮತ್ತೆ ಮತ್ತೆ ನೋಡಿಕೊಳ್ಳುತ್ತಾರೆ. ಅದು ನನ್ನ ಕೈಕೆಲಸ. ಆ ಮೇಜಿಗೆ ನನ್ನನ್ನು ಕೂರಿಸಿದ್ದೂ ನೀವೇ.

ಗುಬ್ಬಿ


ಫೆಬ್ರವರಿ ೧೮

ಗುಬ್ಬಿಗೆ,

ನಿನ್ನೆ ಊಟಕ್ಕೆ ಕೂತಾಗ ಅತ್ತೆ ನಿನ್ನಣ್ಣನ ತಟ್ಟೆಗೆ ಬಡಿಸುತ್ತಾ, ನನ್ನ ಕಡೆ ನೋಡದೆ ಹೇಳಿದರು: "ಮದುವೆಗೆ ಮುಂಚೇನೇ ಕೆಮ್ಮು ಇತ್ತಂತೆ. ಕೆಲಸಕ್ಕೆ ಸೇರಿದ ದಿನದಿಂದ್ಲೂ ಇತ್ತಂತೆ. ನಮ್ಮ ಹತ್ರ ಬಾಯಿ ಬಿಡ್ಲಿಲ್ಲ."

"ಯಾರು ಹೇಳಿದ್ದು?" ಎಂದು ನಾನು ಕೇಳಿದೆ.

"ಹೇಳೋರು ಹೇಳ್ತಾರೆ. ಎದೆ ಗಟ್ಟಿ ಇಲ್ದೋಳಿಗೆ ಹೊಟ್ಟೆ ಹೇಗೆ ಗಟ್ಟಿ ಇರುತ್ತೆ?"

ನಿನ್ನಣ್ಣ ತಲೆ ಎತ್ತಲಿಲ್ಲ, ನೀರು ಕುಡಿದರು. ಆಮೇಲೆ ಮಲಗುವಾಗ ಗೋಡೆಗೆ ಮುಖ ಮಾಡಿಕೊಂಡು, "ನಿಂಗೆ ಮೊದ್ಲೇ ಇದ್ದಿದ್ರೆ ಹೇಳ್ಬಹುದಿತ್ತಲ್ಲ" ಅಂದರು. ಬಯ್ದಿದ್ದರೆ ಜಗಳವಾಡಬಹುದಿತ್ತು. ಅಷ್ಟು ಮೆತ್ತಗೆ ಹೇಳಿದ ಮಾತಿನ ಜೊತೆ ಹೇಗೆ ಜಗಳವಾಡಲಿ?

ಸಲೂನಿರುವ ಊರಿನಲ್ಲಿ ಅತ್ತೆಗೆ ಪರಿಚಯವಿರುವುದು ಒಬ್ಬಳೇ, ಅವರ ಮಗಳು. ಯಾರು ಯಾರನ್ನು ಕೇಳಿದರು ಎಂದು ನಾನು ಮತ್ತೆ ಕೇಳುವುದಿಲ್ಲ. ಹೋದ ತಿಂಗಳ ಕಾಗದದಲ್ಲಿ ನಾನು ಬರೆದದ್ದು ಯಾರ್ಯಾರ ಕಣ್ಣಿಗೆ ಬಿತ್ತೋ, ಅದನ್ನೂ ಕೇಳುವುದಿಲ್ಲ.

ಸ್ವಲ್ಪ ದಿನ ನಾನು ನಮ್ಮಕ್ಕನ ಮನೆಯಲ್ಲಿ ಇದ್ದು ಬರಲಿ ಎಂದು ಇಲ್ಲಿ ಮಾತು ನಡೆದಿದೆ. ಸ್ವಲ್ಪ ದಿನ ಎಂದರೆ ಎಷ್ಟು ಎಂದು ಯಾರೂ ಹೇಳುತ್ತಿಲ್ಲ.

ಅತ್ತಿಗೆ


ಮಾರ್ಚ್ ೩

ಅತ್ತಿಗೆ,

ಅಮ್ಮ ಫೋನಿನಲ್ಲಿ, "ಸುಮ್ನೆ ವಿಚಾರಿಸು" ಎಂದರು. ವಿಚಾರಿಸಿದೆ. ಅಮ್ಮನಿಗೆ ಹೇಳಿದೆ. ಇದರಲ್ಲಿ ಕಳ್ಳತನ ಏನಿದೆ? ನೀವು ಮುಚ್ಚಿಟ್ಟದ್ದು ಏನೂ ಇಲ್ಲದಿದ್ದರೆ ನಾನು ವಿಚಾರಿಸಿದ್ದರಿಂದ ಏನು ಕೆಟ್ಟಿತು? ಹೀಗೆ ಬರೆದು ಮಡಿಸಿ ಅಂಟಿಸಿಬಿಡಬೇಕು ಎಂದೇ ಕೂತೆ.

ಆದರೆ ಆ ದಿನದ್ದನ್ನು ಮತ್ತೆ ಮತ್ತೆ ತಿರುವಿ ಹಾಕುತ್ತಿದ್ದೇನೆ. ಮೇಡಂ ಗಲ್ಲಾದ ಹತ್ತಿರ ಹೂಕುಂಡಕ್ಕೆ ನೀರು ಹಾಕುತ್ತಿದ್ದರು. ನಾನು, "ಮೇಡಂ, ನಮ್ಮತ್ತಿಗೆ ಇಲ್ಲಿದ್ದಾಗ…" ಅಂದೆ. ಅಷ್ಟೇ ಅಂದದ್ದು. ಅವರು ತಿರುಗದೆಯೇ, "ಕೆಮ್ಮೋಳು ಪಾಪ, ಬಂದ ದಿನದಿಂದ್ಲೇ ಕೆಮ್ಮೋಳು" ಅಂದುಬಿಟ್ಟರು.

ನಾನು ಕೆಮ್ಮಿನ ಮಾತೇ ಎತ್ತಿರಲಿಲ್ಲ ಅತ್ತಿಗೆ.

ಹೋಗಲಿ ಬಿಡಿ. ನನಗೆ ಯಾರನ್ನು ನಂಬಬೇಕೋ ತಿಳಿಯುತ್ತಿಲ್ಲ. ನಿಮ್ಮನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಗುಬ್ಬಿ


ಏಪ್ರಿಲ್ ೧೪

ಅತ್ತಿಗೆ,

ನೀವು ಉತ್ತರ ಬರೆಯಲಿಲ್ಲ. ನೀವು ನಿಮ್ಮ ಅಕ್ಕನ ಮನೆಗೆ ಹೋಗಿ ತಿಂಗಳಾಗುತ್ತ ಬಂತಂತೆ. ಅಣ್ಣ ಫೋನಿನಲ್ಲಿ ಹೇಳುವಾಗ ಪಕ್ಕದ ಮನೆಯವರ ಸುದ್ದಿ ಹೇಳಿದ ಹಾಗೆ ಹೇಳಿದ. ವಿಳಾಸ ಅವನಿಂದಲೇ ತೆಗೆದುಕೊಂಡೆ. ಈ ಕಾಗದವನ್ನು ಹರಿಯುವ ಮುಂಚೆ ಒಮ್ಮೆ ಓದಿ.

ಸಲೂನಿನ ದೊಡ್ಡಕ್ಕ ನೆನಪಿದ್ದಾಳಲ್ಲ, ನಮಗೆಲ್ಲ ಕೆಲಸ ಕಲಿಸಿದವಳು. ಅವಳ ಬೆರಳ ತುದಿಗಳು ಸುಲಿದು ಕೆಂಪಾಗಿ, ಬಟ್ಟೆಯ ಗುಂಡಿ ಹಾಕಿಕೊಳ್ಳುವುದೂ ಕಷ್ಟವಾಗಿತ್ತು. ಗಿರಾಕಿಗಳು ಅಸಹ್ಯ ಪಡುತ್ತಾರೆಂದು ಮೇಡಂ ಅವಳನ್ನು ಮನೆಗೆ ಕಳಿಸಿದರು. ಕಳಿಸಿದ ದಿನ ಎಲ್ಲರ ಎದುರು ಅಪ್ಪಿಕೊಂಡು ಅತ್ತರು ಕೂಡ. ಹೋದಮೇಲೆ ನಮ್ಮ ಕಡೆ ತಿರುಗಿ, "ಅವಳಿಗೆ ಮೊದ್ಲಿಂದ್ಲೂ ಚರ್ಮದ ಕಾಯಿಲೆ" ಅಂದರು. ಕಣ್ಣು ಇನ್ನೂ ಒದ್ದೆಯಿತ್ತು.

ಮೊದಲಿಂದಲೂ. ನಿಮಗೂ ಮೊದಲಿಂದಲೂ, ಅವಳಿಗೂ ಮೊದಲಿಂದಲೂ. ಈ ಅಂಗಡಿಗೆ ಬರುವವರೆಲ್ಲ ಕಾಯಿಲೆ ಕಟ್ಟಿಕೊಂಡೇ ಬರುತ್ತಾರೋ?

ಇನ್ನೊಂದು. ಹೋದ ವಾರ ಹಿಂಬಾಗಿಲಿಗೆ ಸಾಮಾನು ಹಾಕುವವನೊಬ್ಬ ಬಂದ, ಹೊಸಬ. ಬೆವರು ಒರೆಸಿಕೊಳ್ಳುತ್ತಾ, "ಹಲ್ಲಿನ ಡಾಕ್ಟ್ರ ಕ್ಲಿನಿಕ್ ಇದೇನಾಮ್ಮ?" ಎಂದು ಕೇಳಿದ.

ನನಗೆ ನಗು ಬಂತು. "ಇದು ಉಗುರಿನ ಅಂಗಡಿ ಅಣ್ಣ. ಹಲ್ಲಿಗೆ ಬಣ್ಣ ಹಚ್ಚೋದನ್ನ ಇನ್ನೂ ಶುರು ಮಾಡಿಲ್ಲ."

"ಹಾಗಾದ್ರೆ ಈ ಕ್ಯಾನ್ ಇಲ್ಲಿಗ್ಯಾಕೆ ಬರೆದಿದ್ದಾರೆ? ಇದು ಹಲ್ಲು ಸೆಟ್ ಕಟ್ಟೋರು ತರಿಸೋದು. ನಾನು ದಿನಾ ಅವರಿಗೇ ಹಾಕೋದು."

ಅಷ್ಟರಲ್ಲಿ ಮೇಡಂ ಬಂದರು. ಅವರು ಓಡುವುದನ್ನು ನಾನು ಅದೇ ಮೊದಲ ಸಲ ನೋಡಿದ್ದು. "ಅಡ್ರೆಸ್ ತಪ್ಪಾಗಿದೆ, ನಾನು ನೋಡ್ಕೋತೀನಿ, ನೀನು ಹೊರಡು" ಎಂದು ಅವನನ್ನು ಸಾಗಹಾಕಿದರು. ಅಡ್ರೆಸ್ ತಪ್ಪಾಗಿದ್ದರೆ ಕ್ಯಾನ್ ವಾಪಸ್ ಹೋಗಬೇಕಿತ್ತಲ್ಲವೇ? ಮರುದಿನ ಬೆಳಗ್ಗೆ ಅದು ನನ್ನ ಮೇಜಿನ ಪಕ್ಕದಲ್ಲೇ ಇತ್ತು. ಮೇಲಿನ ಚೀಟಿಯನ್ನು ಹೆರೆದು ತೆಗೆದಿದ್ದರು, ಗೋಂದಿನ ಜಿಗುಟು ಮಾತ್ರ ಉಳಿದಿತ್ತು. ಅದೇ ಬಿಳಿ ಕ್ಯಾನ್.

ಅಂದಿನಿಂದ ಮೂಗು ಎಚ್ಚೆತ್ತುಕೊಂಡಿದೆ. ಬಟ್ಟೆಗೆ, ದಿಂಬಿಗೆ, ನೀರು ಕುಡಿಯುವ ಲೋಟಕ್ಕೂ ಆ ವಾಸನೆ ಅಂಟಿದ ಹಾಗೆನಿಸುತ್ತದೆ. ಬೆಳಗ್ಗೆ ಎದ್ದಾಗ ನನಗೂ ಕೆಮ್ಮು ಇದೆ. ಮೊದಲು ಇತ್ತೋ ಇಲ್ಲವೋ ಎಂದು ಯೋಚಿಸುತ್ತೇನೆ. ಇರಲಿಲ್ಲ ಅತ್ತಿಗೆ. ನಾನೇ ಸಾಕ್ಷಿ, ಇರಲಿಲ್ಲ.

ಗುಬ್ಬಿ


ಏಪ್ರಿಲ್ ೨೯

ಗುಬ್ಬಿ,

ಕಾಗದವನ್ನು ಮೂರು ದಿನ ಒಡೆಯದೆ ಇಟ್ಟಿದ್ದೆ. ಒಡೆದ ಮೇಲೂ, ಇದನ್ನು ಮೇಡಂ ಹೇಳಿ ಬರೆಸಿದ್ದಾಳೋ, ನನ್ನ ಬಾಯಿಂದ ಏನಾದರೂ ಹೊರಡಿಸಲು ನೋಡುತ್ತಿದ್ದಾಳೋ ಎಂದುಕೊಂಡೆ. ದೊಡ್ಡಕ್ಕನ ಗುಂಡಿಯ ಮಾತು ಬರುವವರೆಗೂ ಹಾಗೇ ಅಂದುಕೊಂಡಿದ್ದೆ. ಅದು ಮೇಡಂಗೆ ಗೊತ್ತಿರುವ ಸಂಗತಿಯಲ್ಲ.

ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಸಾಮಾನಿನವನು ಹೇಳಿದ್ದನ್ನು ಹೇಳಿದ ಕೂಡಲೇ ಅವರ ಮುಖ ಬಿಗಿಯಾಯಿತು. "ಕಣ್ಣಲ್ಲಿ ನೋಡದೆ ಇದೇ ಅಂತ ಹೇಳೋಕಾಗಲ್ಲ. ಆದ್ರೆ ಹಲ್ಲಿನ ಸೆಟ್ ಕಟ್ಟೋಕೆ ಬಳಸೋ ಒಂದು ದ್ರವ ಇದೆ, ಅಗ್ಗ. ಅದನ್ನ ಉಗುರಿಗೆ ಬಳಸಬಾರದು ಅಂತ ಎಷ್ಟೋ ಕಡೆ ನಿಷೇಧ ಮಾಡಿದ್ದಾರೆ. ಚರ್ಮ ಸುಲಿಯುತ್ತೆ, ಉಸಿರಿನ ನಾಳ ಕೆರಳುತ್ತೆ. ಒಂದು ಸಲ ಕೆರಳಿದ್ರೆ, ಕೆಲಸ ಬಿಟ್ಟ ಮೇಲೂ ಎಷ್ಟೋ ಜನಕ್ಕೆ ಹೋಗಲ್ಲ" ಎಂದರು. ಪಾಲಿಶ್, ರಿಮೂವರ್, ಉಜ್ಜುವಾಗ ಏಳುವ ಪುಡಿ, ಎಲ್ಲವೂ ಸೇರಿ ಮುಚ್ಚಿದ ಕೋಣೆಯಲ್ಲಿ ನಿಲ್ಲುತ್ತದಂತೆ. ನೀನು ಕಟ್ಟುವ ಬಟ್ಟೆಯ ಮಾಸ್ಕಿನಿಂದ ಆ ಆವಿ ತಡೆಯುವುದಿಲ್ಲವಂತೆ.

ನಾನು ಇನ್ನೊಂದನ್ನೂ ಕೇಳಿದೆ. ಕೇಳಲು ಕೂತ ಕುರ್ಚಿಯ ಅಂಚನ್ನು ಹಿಡಿದುಕೊಳ್ಳಬೇಕಾಯಿತು. "ಮತ್ತೆ… ಆ ಬಸಿರು?"

ಅವರು, "ಬಸುರಿ ಹೆಂಗಸರು ಇಂಥ ಗಾಳೀಲಿ ಕೆಲಸ ಮಾಡಬಾರದು ಅಂತ ಖಂಡಿತ ಹೇಳ್ತೀನಿ. ನಿಮಗೆ ಆದದ್ದು ಇದರಿಂದ್ಲೇ ಅಂತ ನಾನು ಬರೆದುಕೊಡೋಕಾಗಲ್ಲ. ಇದರಿಂದ ಅಲ್ಲ ಅಂತಲೂ ಬರೆದುಕೊಡಲ್ಲ" ಎಂದರು.

ಬಸ್ಸಿನಲ್ಲಿ ಬರುವಾಗ ಪೂರ್ತಿ ದಾರಿ ಆ ಎರಡು ಮಾತುಗಳ ನಡುವೆ ಕೂತಿದ್ದೆ.

ಆ ಮೇಜಿಗೆ ನಿನ್ನನ್ನು ಕೂರಿಸಿದವಳು ನಾನೇ ಎಂದು ನೀನು ಬರೆದಿದ್ದೆ. ಆಗ ನನಗೂ ಗೊತ್ತಿರಲಿಲ್ಲ ಎಂದರೆ ನೀನು ನಂಬಲೇಬೇಕು ಎಂದೇನಿಲ್ಲ. ಈಗ ಗೊತ್ತಾಗಿದೆ, ಎದ್ದು ಬಾ ಎನ್ನುತ್ತಿದ್ದೇನೆ. ಇದರಲ್ಲಿ ಅತ್ತೆಯ ಮಂಡಿನೋವೂ ಇಲ್ಲ, ನನ್ನ ಉಪಾಯವೂ ಇಲ್ಲ. ಆ ಮನೆಯಲ್ಲಿ ಈಗ ನಾನೇ ಇಲ್ಲವಲ್ಲ.

ಅತ್ತಿಗೆ


ಜೂನ್ ೬

ಅತ್ತಿಗೆ,

ಕೂತು ಓದಿ, ಇದು ಉದ್ದ.

ನಿಮ್ಮ ಕಾಗದ ಬಂದ ಮೇಲೆ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಇಬ್ರೂ ಸೇರ್ಕೊಂಡು ನಾಟಕ ಕಟ್ತಿದ್ದೀರಾ?" ಎಂದು ಫೋನ್ ಇಟ್ಟರು. ಮೇಡಂ ಹತ್ತಿರ ಫ್ಯಾನಿನ ಮುಂದಿನ ಚಿತ್ರ ತೆಗೆಸಿ ಎಂದು ಕೇಳಿದೆ. "ಓಹೋ, ನಿಂಗೂ ಕೆಮ್ಮು ಶುರುವಾಯ್ತಾ? ನಿಮ್ಮ ಮನೇಲಿ ವಂಶಪಾರಂಪರ್ಯ ಅಂತ ಕಾಣುತ್ತೆ" ಎಂದು ನಕ್ಕರು. ನೀವು ಬೇರೆ ಮನೆಯಿಂದ ಬಂದವರು, ನನಗೂ ನಿಮಗೂ ಯಾವ ವಂಶ ಎಂದು ಕೇಳಬೇಕಿತ್ತು. ಬಿಡಲೂ ಧೈರ್ಯವಿಲ್ಲ, ಇರಲೂ ಮನಸ್ಸಿಲ್ಲ. ಹಾಗೇ ದಿನ ಕಳೆದವು.

ಮೊನ್ನೆ ಬೆಳಗ್ಗೆ ಗಾಜಿನ ಬಾಗಿಲಾಚೆ ಒಂದು ಚೀಲ ಕಂಡಿತು, ಚೀಲದ ಹಿಂದೆ ಅಮ್ಮ. ಹೇಳದೆ ಕೇಳದೆ ಬಸ್ ಹತ್ತಿ ಬಂದಿದ್ದರು. ನಾವಿಬ್ಬರೂ ಹೇಳುತ್ತಿರುವ ಸುಳ್ಳನ್ನು ಕೈಯಾರೆ ಹಿಡಿಯಲು ಬಂದಿದ್ದರು, ನನಗೆ ಅನುಮಾನವೇ ಇಲ್ಲ.

ಮೇಡಂ ಎದ್ದು ನಿಂತು, "ಬನ್ನಿ ಅಮ್ಮಾ, ಬನ್ನಿ, ಸೋಫಾ ಮೇಲೆ ಕೂತ್ಕೊಳ್ಳಿ, ಜ್ಯೂಸ್ ತರಿಸ್ತೀನಿ" ಎಂದರು.

"ನಾನು ಸೋಫಾ ನೋಡೋಕೆ ಇಷ್ಟು ದೂರ ಬರ್ಲಿಲ್ಲ. ಮಗಳು ಎಲ್ಲಿ ಕೂರ್ತಾಳೆ?"

"ಒಳಗೆ ಗಿರಾಕಿ ಇದ್ದಾರೆ ಅಮ್ಮಾ…"

"ಇರ್ಲಿ. ನಾನೇನು ಅವರನ್ನ ತಿಂತೀನಾ?"

ಬಂದು ನಿಮ್ಮ ಹಳೆಯ ಸ್ಟೂಲ್ ಎಳೆದುಕೊಂಡು ನನ್ನ ಪಕ್ಕ ಕೂತರು. ನಾನು ಒಬ್ಬ ಟೀಚರಮ್ಮನ ಉಗುರು ಉಜ್ಜುತ್ತಿದ್ದೆ. ಯಂತ್ರ ಹಾಕಿದೆ, ಪುಡಿ ಎದ್ದಿತು. ಬಟ್ಟಲಿಗೆ ಕ್ಯಾನಿನಿಂದ ಬಗ್ಗಿಸಿದೆ. ಅಮ್ಮ ನೋಡುತ್ತಿದ್ದರು. ಹಾಲಿನವನು ನೀರು ಬೆರೆಸುತ್ತಾನೇನೋ ಎಂದು ನೋಡುತ್ತಾರಲ್ಲ, ಆ ಕಣ್ಣು. ನಿಮ್ಮ ಮೇಲೆ ಇಷ್ಟು ದಿನ ಇಟ್ಟಿದ್ದ ಕಣ್ಣೂ ಅದೇ.

ಮೊದಲು ಕಣ್ಣೊರೆಸಿಕೊಂಡರು. ಆಮೇಲೆ ಮೂಗು. ಆಮೇಲೆ ಕೆಮ್ಮು ಬಂತು, ನಿಲ್ಲಲೇ ಇಲ್ಲ. "ಆಚೆ ಹೋಗಮ್ಮ" ಎಂದೆ. "ಸುಮ್ನಿರು" ಎಂದು ಗದರಿಸಿ ಇನ್ನೂ ಕೂತರು. ಟೀಚರಮ್ಮನ ಒಂದು ಕೈ ಮುಗಿಯುವವರೆಗೂ ಕೂತರು. ಮುಖ ಕೆಂಪಾಗಿ, ಕಣ್ಣಿಂದ ನೀರು ಇಳಿಯುತ್ತಿತ್ತು.

ಮೆಲ್ಲಗೆ ಎದ್ದು ಗೋಡೆ ಹಿಡಿದುಕೊಂಡು ಹೊರಕೋಣೆಗೆ ಹೋದರು. ನಾನು ಹಿಂದೆಯೇ ಹೋದೆ. ಮೇಡಂ ಎದುರು ಕೈ ಚಾಚಿ, "ಎಲ್ಲಿ, ನಿನ್ನ ಕೈ ಕೊಡು" ಎಂದರು. ಮೇಡಂ ನಗುತ್ತಲೇ ಕೊಟ್ಟರು. ಅಮ್ಮ ಅದನ್ನು ಬೆಳಕಿಗೆ ಹಿಡಿದು ತರಕಾರಿ ಆರಿಸುವ ಹಾಗೆ ತಿರುವಿ ತಿರುವಿ ನೋಡಿದರು. ವರ್ಷದಿಂದ ದಿನವೂ ಆ ಕೈ ನೋಡಿದ್ದೇನೆ, ಒಂದು ದಿನವೂ ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ. ಹತ್ತೂ ಬೆರಳು ಬೋಳು. ಅಂಟು ಉಗುರಿಲ್ಲ, ಬಣ್ಣವಿಲ್ಲ.

"ಊರೋರಿಗೆಲ್ಲ ಹಚ್ಚಿಸ್ತೀಯ. ನಿಂಗ್ಯಾಕಿಲ್ಲ?"

"ನಂಗೆ… ಅಲರ್ಜಿ ಅಮ್ಮಾ. ಚರ್ಮಕ್ಕೆ ಆಗಲ್ಲ."

"ನಿಂಗಾದ್ರೆ ಅಲರ್ಜಿ" ಎಂದರು ಅಮ್ಮ. "ನನ್ನ ಸೊಸೆಗಾದ್ರೆ ಹಳೇ ಕಾಯಿಲೆ?"

ಅತ್ತಿಗೆ, ಅವರ ಬಾಯಲ್ಲಿ "ನನ್ನ ಸೊಸೆ" ಎಂಬ ಮಾತನ್ನು ನಾನು ಇದೇ ಮೊದಲು ಕೇಳಿದ್ದು. ಮೇಡಂ ಏನೋ ಹೇಳಲು ಹೋದರು. ಅಮ್ಮ ಆ ಕೈಯನ್ನು ಅವರ ಮೇಜಿನ ಮೇಲೆ ಸಾಮಾನು ವಾಪಸ್ ಇಟ್ಟ ಹಾಗೆ ಇಟ್ಟು, ನನ್ನ ಕಡೆ ತಿರುಗಿ, "ಚೀಲ ತಗೋ, ನಡಿ" ಎಂದರು.

ಒಳಗಿಂದ ಟೀಚರಮ್ಮ ಬಗ್ಗಿ ನೋಡಿ, "ನನ್ನ ಇನ್ನೊಂದು ಕೈ?" ಎಂದರು.

"ಅದೊಂದಾದ್ರೂ ಉಳೀತಲ್ಲ ತಾಯಿ, ಮನೆಗೆ ಹೋಗು" ಎಂದರು ಅಮ್ಮ.

ಇನ್ನಿಬ್ಬರು ಹುಡುಗಿಯರು ಕೆಲಸ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಒಬ್ಬಳು ಎದ್ದು ಬಂದು ಗಾಜಿನ ಬಾಗಿಲು ತೆರೆದು ಹಿಡಿದಳು. ನಾವು ಬೀದಿಯ ಕೊನೆ ಮುಟ್ಟಿ ತಿರುಗಿ ನೋಡಿದಾಗಲೂ ಅವಳು ಅದನ್ನು ಹಿಡಿದೇ ನಿಂತಿದ್ದಳು. ನಮಗಾಗಿಯೋ ಗಾಳಿಗಾಗಿಯೋ ತಿಳಿಯಲಿಲ್ಲ.

ಕೆಲಸ ಹೋಯಿತು. ಮುಂದೇನು ಎಂದು ಗೊತ್ತಿಲ್ಲ. ದೊಡ್ಡಕ್ಕನ ಮನೆಗೆ ಹೋಗಿ ಬಂದೆ. ಕಾರ್ಮಿಕ ಇಲಾಖೆಯ ಕಚೇರಿಗೆ ದೂರು ಕೊಡೋಣವೇ ಎಂದೆ. "ನಾನು ಒಬ್ಳೇ ಹೋದ್ರೆ ಹುಚ್ಚಿ ಅಂತಾರೆ, ನಾಲ್ಕು ಜನ ಹೋದ್ರೆ ಕುರ್ಚಿ ಕೊಡ್ತಾರೆ" ಎಂದಳು. ನೀವು ಬರುತ್ತೀರಾ?

ಊರಿಗೆ ಬರುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿ ಪೂರ್ತಿ ತೆಗೆದು, ಕೂದಲು ಕೆದರಿದರೂ ಮುಚ್ಚದೆ ಕೂತಿದ್ದರು.

ನಿಮ್ಮ ಗುಬ್ಬಿ


ಜುಲೈ ೨

ಗುಬ್ಬಿ,

ದೂರು ಕೊಡುವ ದಿನಕ್ಕೆ ನಾನು ಖಂಡಿತ ಬರುತ್ತೇನೆ. ಡಾಕ್ಟರಮ್ಮ ತಮಗೆ ಗೊತ್ತಿರುವಷ್ಟನ್ನು ಬರೆದುಕೊಡಲು ಒಪ್ಪಿದ್ದಾರೆ. ಇದರಿಂದ ನನ್ನ ಎದೆ ಮೊದಲಿನ ಹಾಗಾಗುವುದಿಲ್ಲ, ಮೇಡಂ ಇನ್ನೊಂದು ಬೀದಿಯಲ್ಲಿ ಇನ್ನೊಂದು ಬಾಗಿಲು ತೆರೆಯಲೂಬಹುದು. ಆದರೂ ಆ ಕ್ಯಾನಿನಲ್ಲಿ ಏನಿದೆ ಎಂದು ಯಾರಾದರೂ ಅವಳನ್ನು ಅಧಿಕಾರದಿಂದ ಕೇಳಲಿ. ಆ ಇಬ್ಬರು ಹುಡುಗಿಯರಿಗೂ ಹೇಳಿ ಕಳಿಸು.

ಭಾನುವಾರ ಅತ್ತೆ ಇಲ್ಲಿಗೆ ಬಂದಿದ್ದರು, ನಿನ್ನಣ್ಣನ ಜೊತೆ. ಅಕ್ಕ ಬಾಗಿಲು ತೆಗೆದಾಗ, ಇನ್ನೇನು ಹೊಸ ಆರೋಪ ತಂದಿದ್ದಾರೋ ಎಂದುಕೊಂಡೆ. ನೀನು ಬರೆದದ್ದನ್ನು ಓದಿದ್ದೆ ನಿಜ. ಆದರೆ ಅಷ್ಟು ವರ್ಷದ ಕಣ್ಣು ಒಂದು ದಿನದಲ್ಲಿ ಬದಲಾಗುತ್ತದೆಂದು ನಾನು ಹೇಗೆ ನಂಬಲಿ?

ಅವರು ಕ್ಷಮೆ ಗಿಮೆ ಏನೂ ಕೇಳಲಿಲ್ಲ. ಅಕ್ಕನ ಮನೆ ಚೆನ್ನಾಗಿದೆ ಎಂದರು. ಉಸಿರಿನ ಜೊತೆ ಎಳೆದುಕೊಳ್ಳುವ ನನ್ನ ಮದ್ದಿನ ಡಬ್ಬಿ ಕೈಗೆತ್ತಿಕೊಂಡು, "ಇದನ್ನ ಎಷ್ಟು ಸಲ ಎಳ್ಕೋಬೇಕು?" ಎಂದು ಕೇಳಿದರು. ನಿನ್ನಣ್ಣ ಗೋಡೆಗಂಟಿ ಕೂತಿದ್ದರು. ನಾನೂ ಅವರನ್ನು ಮಾತಿಗೆಳೆಯಲಿಲ್ಲ.

ಹೊರಡುವಾಗ ಅತ್ತೆ, "ನೀನೂ ಬಂದುಬಿಡು, ಗುಬ್ಬಿನೂ ಇದ್ದಾಳೆ" ಎಂದರು. "ನೋಡ್ತೀನಿ" ಎಂದೆ. ಹಾಗೆ ಹೇಳಿದ್ದಕ್ಕೆ ನನಗೆ ಬೇಸರವಿಲ್ಲ. ದೂರು ಕೊಟ್ಟು ಬಂದ ಮೇಲೆ, ಯಾವ ಮನೆಗೆ ಹೋಗಬೇಕೆಂದು ನಾನೇ ತೀರ್ಮಾನ ಮಾಡುತ್ತೇನೆ.

ನಿನ್ನಣ್ಣ ಹೊಸ್ತಿಲಾಚೆ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಅತ್ತೆ ಮಾತ್ರ ಎದ್ದಿರಲಿಲ್ಲ.

"ಆ ಸ್ಟೂಲ್ ಮೇಲೆ ಬಸುರಿಯಾಗಿದ್ದಾಗ್ಲೂ ಕೂರ್ತಿದ್ದೆಯಾ?" ಎಂದರು.

"ನಾಲ್ಕನೇ ತಿಂಗಳವರೆಗೂ."

ಅವರು ತಮ್ಮ ಅಂಗೈಯನ್ನೇ ನೋಡಿಕೊಂಡರು. ನಾನು ಮುಂದಿನ ಮಾತಿಗೆ ಸಿದ್ಧಳಾದೆ. ಯಾಕೆ ಕೂತೆ, ಯಾಕೆ ಬಿಡಲಿಲ್ಲ ಎನ್ನುತ್ತಾರೆ ಎಂದುಕೊಂಡೆ. ಉತ್ತರವನ್ನೂ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದೆ.

"ಗಂಡೋ ಹೆಣ್ಣೋ, ಆಸ್ಪತ್ರೇಲಿ ಏನಾದ್ರೂ ಹೇಳಿದ್ರಾ?" ಎಂದು ಕೇಳಿದರು.

ಇಷ್ಟು ದಿನದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ ಗುಬ್ಬಿ. ಅಕ್ಕನೂ ಕೇಳಿರಲಿಲ್ಲ. ನಾನೂ ಯಾರಿಗೂ ಹೇಳಿರಲಿಲ್ಲ.

"ಹೆಣ್ಣು" ಎಂದೆ.

ಹೊಸ್ತಿಲಾಚೆ ಚಪ್ಪಲಿಯ ಸದ್ದು ನಿಂತಿತು. ನಿನ್ನಣ್ಣ ಹಾಕಿಕೊಂಡಿದ್ದ ಒಂದು ಚಪ್ಪಲಿಯನ್ನು ಬಿಚ್ಚಿ, ಮತ್ತೆ ಒಳಗೆ ಬಂದರು.

ಅತ್ತಿಗೆ